ಚಿಯಾಂಗ್ ಮಾಯ್‌ನಿಂದ ಮೇ ಹಾಂಗ್ ಸಾನ್: ಬಾಡಿಗೆ ಸ್ಕೂಟರಲ್ಲಿ 600 ಕಿಲೋಮೀಟರ್ ಸುತ್ತೋದು ಹೇಗೆ

ಬ್ಯಾಗ್ ಬೆನ್ನಿಗೆ ಹಾಕ್ಕೊಂಡು ಥೈಲ್ಯಾಂಡಿಗೆ ಹೋಗಿ ಬಾಡಿಗೆ ಸ್ಕೂಟರಿಂದ ಬೀಳೋರಲ್ಲಿ ಎರಡು ಜಾತಿ. ಯೂರೋಪಿನ ಹುಡುಗ್ರು ಹುಟ್ಟಿದ್ಮೇಲೆ ಮೊದಲನೇ ಸಲ ಸ್ಕೂಟರ್ ಹತ್ತಿ ಬೀಳ್ತಾರೆ, ನಾವು ಹತ್ತು ವರ್ಷದಿಂದ ಸಿಲ್ಕ್ ಬೋರ್ಡಲ್ಲಿ ಗಾಡಿ ಓಡ್ಸಿದೀವಿ ನಮಗೇನು ಅಂತ ಹೋಗಿ ಬೀಳ್ತೀವಿ. ನಾನು ಎರಡನೇ ಜಾತಿ. ಪಾಯ್ ಅನ್ನೋ ಊರಲ್ಲಿ ಮೊಣಕೈಗೆ, ಮಂಡಿಗೆ ಬ್ಯಾಂಡೇಜ್ ಸುತ್ಕೊಂಡು ಓಡಾಡೋ ಟೂರಿಸ್ಟ್‌ಗಳು ಎಷ್ಟಿದಾರೆ ಅಂದ್ರೆ ಆ ಗಾಯಕ್ಕೆ 'ಪಾಯ್ ಟ್ಯಾಟೂ' ಅಂತಾನೇ ಹೆಸರಿಟ್ಟಿದಾರೆ. ನನ್ನ ಎಡಗಡೆ ಮೊಣಕೈಲೂ ಒಂದಿದೆ, ಅದು ಹೆಂಗಾಯ್ತು ಅಂತ ಆಮೇಲೆ ಹೇಳ್ತೀನಿ.

ಈಗ ಹೇಳ್ತಿರೋದು ಉತ್ತರ ಥೈಲ್ಯಾಂಡಿನ ಮೇ ಹಾಂಗ್ ಸಾನ್ ಲೂಪ್ ಬಗ್ಗೆ. ಚಿಯಾಂಗ್ ಮಾಯ್‌ನಿಂದ ಹೊರಟು ಪಾಯ್, ಮೇ ಹಾಂಗ್ ಸಾನ್, ಖುನ್ ಯುಆಮ್, ಮೇ ಸರಿಯಾಂಗ್ ಮುಟ್ಕೊಂಡು ವಾಪಸ್ ಅಲ್ಲಿಗೇ ಬರೋದು, ಹೆಚ್ಚುಕಮ್ಮಿ 600 ಕಿಲೋಮೀಟರ್. ಟರ್ನಿಂಗುಗಳು 1864 ಅಂತ ಲೆಕ್ಕ, ಅದನ್ನ ಮುಗಿಸಿದ್ರೆ ಮೇ ಹಾಂಗ್ ಸಾನಲ್ಲಿ ಸರ್ಟಿಫಿಕೇಟ್ ಬೇರೆ ಕೊಡ್ತಾರೆ. ಬರೀ ಪಾಯ್‌ವರೆಗೇ 762 ಟರ್ನಿಂಗ್ ಅಂತೆ, ಆ ನಂಬರ್ ಹಾಕಿರೋ ಟೀ ಶರ್ಟು ಪಾಯ್ ಬೀದಿಲೆಲ್ಲಾ ನೇತಾಡ್ತಿರುತ್ತೆ. ಆಗುಂಬೆ ಘಾಟಿಯ 14 ತಿರುವು ಎಣಿಸ್ಕೊಂಡು ಬೆಳೆದೋರಿಗೆ ಇದು ಸ್ವಲ್ಪ ಜಾಸ್ತೀನೇ.

ಕೆಲಸ ಶುರುವಾಗೋದು ಬೆಂಗಳೂರಲ್ಲೇ, ಆರ್‌ಟಿಒ ಆಫೀಸಲ್ಲಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇಲ್ದೆ ಹೋಗ್ಬೇಡಿ. ಸರ್ಕಾರದ ಸಾರಥಿ ಪೋರ್ಟಲಲ್ಲಿ ಅರ್ಜಿ ಹಾಕಿ 1000 ರೂಪಾಯಿ ಕಟ್ಟಿ, ಪಾಸ್‌ಪೋರ್ಟು, ಟಿಕೆಟ್ಟು ಎಲ್ಲಾ ತೋರಿಸಿದ್ರೆ ಒಂದು ಪುಟ್ಟ ಪುಸ್ತಕ ಕೊಡ್ತಾರೆ, ಒಂದು ವರ್ಷ ನಡೆಯುತ್ತೆ. ಅದ್ರಲ್ಲಿ ಟೂ ವೀಲರ್ ಕಾಲಂಗೆ ಸೀಲ್ ಬಿದ್ದಿದ್ಯಾ ಅಂತ ಅಲ್ಲೇ ಕೌಂಟರಲ್ಲಿ ನಿಂತು ನೋಡ್ಕೊಳಿ, ಕಾರಿಗೆ ಮಾತ್ರ ಸೀಲ್ ಇದ್ರೆ ಸ್ಕೂಟರಿಗೆ ಅದು ಖಾಲಿ ಪೇಪರ್. ನಮ್ಮ ಒರಿಜಿನಲ್ ಲೈಸೆನ್ಸ್ ಕಾರ್ಡೂ ಜೊತೆಗಿರ್ಬೇಕು, ಒಂದಿಲ್ದೆ ಇನ್ನೊಂದು ನಡೆಯಲ್ಲ.

ಇದು ಪೊಲೀಸಿಗೆ ಮಾತ್ರ ಅಂದ್ಕೋಬೇಡಿ. ಚಿಯಾಂಗ್ ಮಾಯ್ ಹಳೇ ಊರಿನ ಸುತ್ತ ಕಂದಕ ಇದೆ, ಅದರ ಪಕ್ಕದ ರಸ್ತೆಲಿ ಆಗಾಗ ಚೆಕಿಂಗ್ ಇರುತ್ತೆ, ಸಿಕ್ಕಿಹಾಕ್ಕೊಂಡ್ರೆ ಕೆಲವು ನೂರು ಬಾತ್ ದಂಡ, ಅಷ್ಟೇ ಹೋಯ್ತು. ನಿಜವಾದ ಪೆಟ್ಟು ಇನ್ಶೂರೆನ್ಸಿಂದ. ಟ್ರಾವೆಲ್ ಇನ್ಶೂರೆನ್ಸ್ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಆ ದೇಶದಲ್ಲಿ ನಡೆಯೋ ಲೈಸೆನ್ಸ್ ಇಲ್ದೆ ಗಾಡಿ ಓಡ್ಸಿ ಬಿದ್ರೆ ಆಸ್ಪತ್ರೆ ಖರ್ಚು ಕೊಡಲ್ಲ ಅಂತ ಬರ್ದಿರ್ತಾರೆ, ಕೆಲವದ್ರಲ್ಲಿ ಟೂ ವೀಲರ್ರೇ ಸೇರಿರಲ್ಲ, ಕೆಲವದ್ರಲ್ಲಿ ಇಂತಿಷ್ಟು ಸಿಸಿ ಮೇಲಿದ್ರೆ ಇಲ್ಲ ಅಂತಾರೆ. ಹೊರಡೋಕೆ ಮುಂಚೆ ಆ ಸಣ್ಣ ಅಕ್ಷರ ಒಂದ್ಸಲ ಓದಿ. ಬೋರ್ ಹೊಡಿಯುತ್ತೆ, ಆದ್ರೂ ಓದಿ.

ಅಂದಹಾಗೆ ಇದೇ ಪುಸ್ತಕ ಹಿಡ್ಕೊಂಡು ವಿಯೆಟ್ನಾಂಗೂ ಹೋಗಿ ಅಲ್ಲಿನ ಉತ್ತರದ ಬೆಟ್ಟದೂರು ಹಾ ಜಾಂಗ್ ಸುತ್ತಣ ಅನ್ನೋ ಪ್ಲಾನ್ ಇದ್ರೆ, ನಮ್ಮದು ರಸ್ತೆ ಸಂಚಾರದ 1949ರ ಅಂತರರಾಷ್ಟ್ರೀಯ ಒಪ್ಪಂದದ ಪರ್ಮಿಟ್ಟು, ವಿಯೆಟ್ನಾಂ ಒಪ್ಪೋದು 1968ರದ್ದು, ಹಂಗಾಗಿ ಅಲ್ಲಿ ಇದು ನಡೆಯಲ್ಲ. ಅಲ್ಲಿ ಸ್ಥಳೀಯ ಡ್ರೈವರ್ ಹಿಂದೆ ಕೂತು ಹೋಗೋ ವ್ಯವಸ್ಥೆ ಇದೆ, ಅದನ್ನೇ ತಗೊಳಿ. ಥೈಲ್ಯಾಂಡಲ್ಲಿ ಈ ತಕರಾರಿಲ್ಲ, ಮೇಲಾಗಿ ಅಲ್ಲೂ ನಮ್ಮ ಥರಾನೇ ರಸ್ತೆಯ ಎಡಗಡೆ ಓಡ್ಸೋದು. ಮೊದಲನೇ ಸಲ ಹೊರದೇಶದಲ್ಲಿ ಗಾಡಿ ಹಿಡಿಯೋರಿಗೆ ನಾನು ಇದನ್ನೇ ಹೇಳೋದು ಅದಕ್ಕೇ.

ಹೋಗೋದು ಯಾವಾಗ ಅಂದ್ರೆ ನವೆಂಬರಿಂದ ಜನವರಿ. ಫೆಬ್ರವರಿ ಮಧ್ಯದಿಂದ ಏಪ್ರಿಲ್‌ವರೆಗೆ ಗದ್ದೆ, ಕಾಡು ಎಲ್ಲಾ ಕಡೆ ಬೆಂಕಿ ಹಾಕ್ತಾರೆ, ಬೆಟ್ಟ ಇರ್ಲಿ ಎದುರಿಗಿರೋ ತಿರುವೂ ಹೊಗೆಲಿ ಮಸುಕು, ಕಣ್ಣುರಿ, ಗಂಟಲುರಿ. ಮಳೆಗಾಲ ಜೂನಿಂದ ಅಕ್ಟೋಬರ್, ಹಸಿರು ಕಣ್ಣು ತುಂಬುತ್ತೆ ಆದ್ರೆ ತಿರುವಲ್ಲಿ ಕೆಸರು ಹರ್ಕೊಂಡು ಬಂದಿರುತ್ತೆ. ಚಳಿಗಾಲದಲ್ಲಿ ಬೆಳಿಗ್ಗೆ ಹೊತ್ತು ಬೆಟ್ಟದ ಮೇಲೆ ಹಲ್ಲು ಕಟಕಟ ಅನ್ನುತ್ತೆ, ಒಂದು ಜರ್ಕಿನ್ ಬೇಕೇ ಬೇಕು. ಥೈಲ್ಯಾಂಡ್ ಅಂದ್ರೆ ಬೀಚು ಅಂದ್ಕೊಂಡು ನಾನು ಬರೀ ಚಡ್ಡಿ ಬನಿಯನ್ ತುಂಬ್ಕೊಂಡು ಹೋಗಿದ್ದೆ, ಸಂತೆಲಿ ಸೆಕೆಂಡ್ ಹ್ಯಾಂಡ್ ಜರ್ಕಿನ್ ತಗೊಂಡೆ.

ಗಾಡಿ ಆರ್ಸೋದು

ಚಿಯಾಂಗ್ ಮಾಯಲ್ಲಿ ಗಲ್ಲಿಗೊಂದು ಬಾಡಿಗೆ ಅಂಗಡಿ. 125 ಸಿಸಿ ಹೋಂಡಾ ಕ್ಲಿಕ್ ದಿನಕ್ಕೆ ಸುಮಾರು 200ರಿಂದ 350 ಬಾತ್, ಒಂದು ಬಾತ್ ಅಂದ್ರೆ ಎರಡೂವರೆಯಿಂದ ಮೂರು ರೂಪಾಯಿ ಅಂತ ಇಟ್ಕೊಳಿ. ಒಬ್ರೇ ಆದ್ರೆ ಈ ಕ್ಲಿಕ್ ಸಾಕು. ಇಬ್ರು ಮತ್ತೆ ಎರಡು ಬ್ಯಾಗು ಅಂದ್ರೆ 110 ಸಿಸಿ ಗಾಡಿ ಪಾಯ್ ಕಡೆ ಹೋಗೋ 1095ನೇ ರಸ್ತೆಯ ಏರಲ್ಲಿ ಉಸಿರು ಬಿಡುತ್ತೆ, ಹಿಂದೆ ಕೂತೋರು ಇಳಿದು ನಡೀಬೇಕಾದೀತು, ಪಿಸಿಎಕ್ಸ್ ಅಥವಾ ಎನ್‌ಮ್ಯಾಕ್ಸ್ ಥರದ ದೊಡ್ಡ ಸ್ಕೂಟರ್ ತಗೊಳಿ, ಇಲ್ಲಾ ಇಬ್ರೂ ಒಂದೊಂದು ಗಾಡಿ ತಗೊಳಿ. ದೊಡ್ಡ ಬ್ಯಾಗನ್ನ ಹಾಸ್ಟೆಲಲ್ಲೋ ಅಂಗಡಿಲೋ ಬಿಟ್ಟು, ಎರಡು ಜೊತೆ ಬಟ್ಟೆ, ರೇನ್‌ಕೋಟ್ ಮಾತ್ರ ಸಣ್ಣ ಬ್ಯಾಗಿಗೆ ಹಾಕ್ಕೊಳೋದು ಎಲ್ಲಕ್ಕಿಂತ ಒಳ್ಳೇದು. ಬೆನ್ನಿಗೆ 15 ಕೆಜಿ ಹಾಕ್ಕೊಂಡು ತಿರುವಲ್ಲಿ ವಾಲಿದ್ರೆ ಅದೇ ನಿಮ್ಮನ್ನ ಎಳ್ಕೊಂಡು ಹೋಗುತ್ತೆ.

ಪಾಸ್‌ಪೋರ್ಟ್ ಅಡ ಇಡ್ಬೇಡಿ. ಕೇಳ್ತಾರೆ, ನಗ್ತಾ ನಗ್ತಾ ಕೇಳ್ತಾರೆ, ಆದ್ರೂ ಕೊಡ್ಬೇಡಿ. ಮೂರರಿಂದ ಐದು ಸಾವಿರ ಬಾತ್ ಕ್ಯಾಶ್ ಮತ್ತೆ ಪಾಸ್‌ಪೋರ್ಟ್ ಜೆರಾಕ್ಸ್ ತಗೊಂಡು ಗಾಡಿ ಕೊಡೋ ಅಂಗಡಿ ಪಕ್ಕದಲ್ಲೇ ಇರುತ್ತೆ. ಅದೂ ಅಲ್ದೆ ಈ ರಸ್ತೆ ಬರ್ಮಾ ಗಡಿ ಪಕ್ಕದ್ದು, ದಾರೀಲಿ ಚೆಕ್‌ಪೋಸ್ಟ್‌ಗಳಿವೆ, ಅಲ್ಲಿ ಪಾಸ್‌ಪೋರ್ಟ್ ಕೇಳ್ತಾರೆ.

ದುಡ್ಡು ಕೊಡೋಕೆ ಮುಂಚೆ ಅಂಗಡಿಯವ್ರ ಎದುರಿಗೇ ಮೊಬೈಲ್ ತೆಗ್ದು ಗಾಡಿ ಸುತ್ತ ನಿಧಾನವಾಗಿ ವಿಡಿಯೋ ಮಾಡಿ, ಇರೋ ಗೀರನ್ನೆಲ್ಲಾ ಬೆರಳು ತೋರ್ಸಿ ಮಾಡಿ, ಕನ್ನಡಿ ಹಿಂದೆ, ಸೈಲೆನ್ಸರ್ ಕೆಳಗೆ, ಎಲ್ಲಾ. ನಾನು ವಾಪಸ್ ಕೊಡೋವಾಗ ಅಂಗಡಿಯವ ಮುಂದಿನ ಮಡ್‌ಗಾರ್ಡಲ್ಲಿ ಒಂದು ಗೀರು ತೋರ್ಸಿ 1500 ಬಾತ್ ಅಂದ. ವಿಡಿಯೋ ತೆಗ್ದು ತೋರ್ಸಿದೆ. ಓಕೆ ಓಕೆ ಅಂತ ನಕ್ಕು ಸುಮ್ಮನಾದ, ಜಗಳಾನೂ ಇಲ್ಲ ಏನೂ ಇಲ್ಲ. ವಿಡಿಯೋ ಇಲ್ದಿದ್ರೆ ಆ ನಗು ಬೇರೆ ಥರ ಇರ್ತಿತ್ತು.

ಆಮೇಲೆ ಟೈರ್. ಬೋಳಾಗಿದ್ರೆ ಬೇರೆ ಗಾಡಿ ಕೇಳಿ, ಮುಜುಗರ ಬೇಡ. ಎರಡೂ ಬ್ರೇಕ್ ಹಿಡಿದು ನೋಡಿ, ಲೈಟು, ಇಂಡಿಕೇಟರು, ಹಾರ್ನು ನೋಡಿ, ಅಲ್ಲೇ ಗಲ್ಲಿಲಿ ಒಂದು ರೌಂಡ್ ಹೊಡ್ದು ಹ್ಯಾಂಡಲ್ ಒಂದು ಕಡೆ ಎಳಿಯುತ್ತಾ ನೋಡಿ. ಸೀಟ್ ಕೆಳಗಿನ ಡಿಕ್ಕಿಲಿ ಗಾಡಿ ಪುಸ್ತಕದ (ನಮ್ಮ ಆರ್‌ಸಿ ಥರದ್ದು) ಜೆರಾಕ್ಸ್ ಇರ್ಬೇಕು, ತೆರಿಗೆ ಸ್ಟಿಕ್ಕರ್ ಮೇಲಿನ ವರ್ಷ ಮುಗ್ದಿರ್ಬಾರ್ದು. 'ಇನ್ಶೂರೆನ್ಸ್ ಇದೆ' ಅಂತಾರೆ, ಅದು ಬಹಳ ಸಲ ಸರ್ಕಾರದ ಕಡ್ಡಾಯ ಇನ್ಶೂರೆನ್ಸ್ ಮಾತ್ರ, 'ಪೊ ರೊ ಬೊ' ಅಂತ ಕರೀತಾರೆ, ಗಾಯಕ್ಕೆ ಸ್ವಲ್ಪ ದುಡ್ಡು ಬರುತ್ತೆ, ಗಾಡಿ ಡ್ಯಾಮೇಜಿಗೆ ಬರಲ್ಲ. ಮೇ ಹಾಂಗ್ ಸಾನ್ ಕಡೆ ಹೋಗ್ತೀನಿ ಅಂತ ಬಾಯ್ಬಿಟ್ಟು ಹೇಳಿ, ಕೆಲವರು ಊರೊಳಗೆ ಮಾತ್ರ ಅಂತ ಕೊಡ್ತಾರೆ. ಹೆಲ್ಮೆಟ್ ಕೊಡ್ತಾರೆ ಆದ್ರೆ ಅದು ಬೋಂಡಾ ಬಾಣಲೆ ಥರ ಇರುತ್ತೆ, ಗಾಜಿಲ್ಲ, ಬೆಲ್ಟು ಸಡಿಲ. ಒಳ್ಳೇದು ಕೇಳಿ ಬದ್ಲಾಯಿಸಿ, ಇಲ್ದಿದ್ರೆ ಒಂದು ಕೊಂಡ್ಕೊಂಡು ಬಿಡಿ. ಶೂ ಹಾಕಿ, ಪ್ಯಾಂಟ್ ಹಾಕಿ. ಹವಾಯಿ ಚಪ್ಪಲಿಲಿ ಹೋಗೋರ ಕಾಲು ಬೆರಳುಗಳನ್ನ ನಾನು ಪಾಯ್ ಕ್ಲಿನಿಕ್ಕಲ್ಲಿ ನೋಡಿದೀನಿ.

ಓಡ್ಸೋದರ ಬಗ್ಗೆ, ನಮ್ಮೋರಿಗೆ

ರಸ್ತೆ ಚೆನ್ನಾಗಿರೋದೇ ಮೊದಲನೇ ಅಪಾಯ. ಗುಂಡಿ ಇಲ್ಲ, ಹಂಪ್ ಇಲ್ಲ, ನಮ್ಮೂರಲ್ಲಿ ಸ್ಪೀಡ್ ಕಡಿಮೆ ಮಾಡ್ಸೋದು ಗುಂಡಿಗಳು ತಾನೇ, ಅವಿಲ್ದೆ ಹೋದ್ರೆ ಕೈ ತಾನಾಗೇ ತಿರುಗುತ್ತೆ, ನೋಡ್ತಾ ನೋಡ್ತಾ 80 ಆಗಿರುತ್ತೆ, ಎದುರಿಗೆ ಪೂರ್ತಿ ವಾಪಸ್ ತಿರುಗೋ ತಿರುವು. ಘಾಟಿಲಿ 40, 50 ದಾಟ್ಬೇಡಿ. ನಿಮ್ಮ ಸಾಲಲ್ಲಿ ಎಡಗಡೆಗೆ ಇರಿ, ಯಾಕಂದ್ರೆ ಬಿಳಿ ಮಿನಿವ್ಯಾನ್‌ಗಳು ತಿರುವಲ್ಲೇ ಓವರ್‌ಟೇಕ್ ಮಾಡ್ಕೊಂಡು ನಿಮ್ಮ ಸಾಲಿಗೆ ಬರ್ತಾವೆ. ಹಿಂದೆ ಯಾರಾದ್ರೂ ಬಂದ್ರೆ ಜಾಗ ಬಿಟ್ಟು ಹೋಗ್ಲಿ ಬಿಡಿ ಅಂತ ಬಿಟ್ಬಿಡಿ.

ಹಾರ್ನ್ ವಿಷ್ಯ. ಅಲ್ಲಿ ಯಾರೂ ಹೊಡಿಯಲ್ಲ. ಮೊದಲನೇ ದಿನ ನಾನು ಸಿಗ್ನಲಲ್ಲಿ ಅಭ್ಯಾಸಬಲದಿಂದ ಒಂದು ಪೀಂ ಅನ್ಸಿದೆ, ಮುಂದಿದ್ದ ಅಜ್ಜಿ ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ. ಕಣ್ಣಿಗೆ ಕಾಣದ ತಿರುವಲ್ಲಿ ಸಣ್ಣಗೆ ಒಂದ್ಸಲ ಹೊಡೀರಿ, ಬೇರೆ ಕಡೆ ಮರ್ತುಬಿಡಿ.

ಇಳಿಜಾರು ಬಗ್ಗೆ ಮಾತ್ರ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ಗೇರ್ ಬೈಕ್ ಓಡ್ಸಿದವ್ರು ಎಡವೋದು ಇಲ್ಲೇ. ಬೈಕಲ್ಲಾದ್ರೆ ಎರಡನೇ ಗೇರಿಗೆ ಹಾಕಿ ಇಂಜಿನ್ನೇ ಹಿಡ್ಕೊಳೋ ಹಾಗೆ ಇಳೀತೀವಿ. ಸ್ಕೂಟರಲ್ಲಿ ಆ ಸೌಕರ್ಯ ಅರ್ಧ ಮಾತ್ರ. ಎಕ್ಸಿಲೇಟರ್ ಪೂರ್ತಿ ಬಿಟ್ಟು ಸ್ಪೀಡ್ ಕಡಿಮೆ ಆಗ್ತಿದ್ದಂಗೆ ಒಳಗಿನ ಕ್ಲಚ್ ಬಿಟ್ಕೊಳ್ಳುತ್ತೆ, ಗಾಡಿ ನ್ಯೂಟ್ರಲಲ್ಲಿ ಇದ್ದಂಗೆ ಜಾರ್ಕೊಂಡು ಹೋಗುತ್ತೆ, ಆಗ ಇಡೀ ಭಾರ ಬ್ರೇಕ್ ಮೇಲೆ. ನನ್ನ ಜೊತೆಗಿದ್ದವ ಪಾಯ್ ಆದ್ಮೇಲಿನ ಉದ್ದ ಇಳಿಜಾರಲ್ಲಿ ಹಿಂದಿನ ಬ್ರೇಕೊಂದನ್ನೇ ಹತ್ತು ನಿಮಿಷ ಒತ್ತಿ ಹಿಡ್ಕೊಂಡೇ ಇಳ್ದ, ಕೆಳಗೆ ಬರೋ ಹೊತ್ತಿಗೆ ಸುಟ್ಟ ವಾಸನೆ, ಬ್ರೇಕ್ ಹಿಡಿದ್ರೆ ಸ್ಪಂಜ್ ಒತ್ತಿದಂಗೆ. ಪುಣ್ಯಕ್ಕೆ ಅಲ್ಲಿ ಸಪಾಟು ಜಾಗ ಸಿಕ್ತು, ನಿಲ್ಸಿ ಅರ್ಧ ಗಂಟೆ ಆರೋಕೆ ಬಿಟ್ವಿ. ಮಾಡ್ಬೇಕಾದ್ದು ಏನಂದ್ರೆ, ಇಳಿಯೋವಾಗ ಎಕ್ಸಿಲೇಟರ್ ಕೂದಲೆಳೆಯಷ್ಟು ಕೊಟ್ಕೊಂಡೇ ಇರಿ, ಕ್ಲಚ್ ಹಿಡಿದಿರುತ್ತೆ, ಇಂಜಿನ್ ಸ್ವಲ್ಪ ಎಳೆದು ನಿಲ್ಸುತ್ತೆ. ಬ್ರೇಕ್ ಎರಡನ್ನೂ ಒಟ್ಟಿಗೆ, ತಿರುವಿಗೆ ಮುಂಚೆ, ಒತ್ತಿ ಬಿಟ್ಟು ಒತ್ತಿ ಬಿಟ್ಟು. ಕೀ ಆಫ್ ಮಾಡಿ ಪೆಟ್ರೋಲ್ ಉಳ್ಸೋ ನಮ್ಮೂರ ಬುದ್ಧಿ ಅಲ್ಲಿ ಬೇಡವೇ ಬೇಡ. ವಾಸನೆ ಬಂದ್ರೆ ನಿಲ್ಸಿ.

ಇನ್ನು ನನ್ನ ಟ್ಯಾಟೂ ಕಥೆ. ಇಷ್ಟೆಲ್ಲಾ ಘಾಟಿ ಹತ್ತಿ ಬಂದು ಪಾಯ್ ಕ್ಯಾನ್ಯನ್ ಪಾರ್ಕಿಂಗಲ್ಲಿ, ಗಂಟೆಗೆ ಹತ್ತು ಕಿಲೋಮೀಟರ್ ಸ್ಪೀಡಲ್ಲಿ, ಜಲ್ಲಿ ಮೇಲೆ ಮುಂದಿನ ಬ್ರೇಕ್ ಒಂದನ್ನೇ ಹಿಡಿದೆ. ಅಷ್ಟೇ. ಗಾಡಿ ಮಲಗ್ತು, ಜೊತೆಗೆ ನಾನೂ. ನೋಡೋಕೆ ಸುಮಾರು ಜನ ಇದ್ರು. ರಸ್ತೆ ಬಿಟ್ಟು ಮಣ್ಣಿಗೋ ಜಲ್ಲಿಗೋ ಇಳೀತಿದ್ದಂಗೆ ಮುಂದಿನ ಬ್ರೇಕಿಂದ ಬೆರಳು ತೆಗೀರಿ. ಇನ್ನೊಂದು ಥರದ ಗಾಯ ಬಲಗಾಲಿನ ಮೀನಖಂಡಕ್ಕೆ ಆಗುತ್ತೆ, ಸೈಲೆನ್ಸರ್ ಬಲಗಡೆ ಇರುತ್ತಲ್ಲ, ಅದು ತಾಗಿ ಸುಡೋದು. ಹತ್ತೋದು ಇಳಿಯೋದು ಯಾವಾಗ್ಲೂ ಎಡಗಡೆಯಿಂದ.

ದಾರಿ

ನಾಲ್ಕು ದಿನದಲ್ಲಿ ಮುಗ್ಸಬಹುದು, ಆರು ದಿನ ಇದ್ರೆ ಚೆಂದ. ದಿನಕ್ಕೆ ನೂರು ಕಿಲೋಮೀಟರ್ ಅಂದ್ರೆ ನಮ್ಮ ಹೈವೇ ಲೆಕ್ಕದಲ್ಲಿ ಏನೂ ಅಲ್ಲ ಅನ್ಸುತ್ತೆ, ಆದ್ರೆ ಅಲ್ಲಿ ಅದು ನಾಲ್ಕು ಗಂಟೆ, ನಿಲ್ಲಿಸ್ಕೊಂಡು ಹೋದ್ರೆ ಇಡೀ ದಿನ. ಬೆಳಿಗ್ಗೆ ಮಂಜು ಕರಗಿದ್ಮೇಲೆ ಹೊರಡಿ, ನಾಲ್ಕು ಗಂಟೆ ಒಳಗೆ ಊರು ಸೇರಿ. ರಾತ್ರಿ ಓಡಿಸ್ಬೇಡಿ, ರಸ್ತೆ ಬೆಚ್ಚಗಿರುತ್ತೆ ಅಂತ ನಾಯಿಗಳು ಮಧ್ಯದಲ್ಲೇ ಮಲಗಿರ್ತಾವೆ.

ಚಿಯಾಂಗ್ ಮಾಯ್‌ನಿಂದ 107ನೇ ರಸ್ತೆ ಹಿಡಿದು ಉತ್ತರಕ್ಕೆ, ಮೇ ಮಾಲಾಯ್ ಹತ್ರ ಎಡಕ್ಕೆ ತಿರುಗಿದ್ರೆ 1095. ಆ ತಿರುವಿನ ತನಕ ಲಾರಿ, ಟ್ರಾಫಿಕ್ಕು, ಏನೂ ಮಜಾ ಇಲ್ಲ, ಆಮೇಲೆ ಏರು ಶುರು. ಮಧ್ಯ ಮೋಕ್ ಫಾ ಫಾಲ್ಸ್ ಇದೆ, ಕಾಲು ಚಾಚೋಕೆ ಒಳ್ಳೇ ಜಾಗ. ಒಟ್ಟು 130 ಕಿಲೋಮೀಟರ್ ಹತ್ರ ಪಾಯ್. ಪಾಯ್ ಬೀದಿ ಪೂರ್ತಿ ಬ್ಯಾಕ್‌ಪ್ಯಾಕರ್‌ಗಳದ್ದೇ ರಾಜ್ಯ, ನನಗೇನೂ ಅಷ್ಟು ಹಿಡಿಸ್ಲಿಲ್ಲ, ಆದ್ರೆ ಊರು ಬಿಟ್ಟು ಐದು ಕಿಲೋಮೀಟರ್ ಹೋದ್ರೆ ಗದ್ದೆ ಮೇಲೆ ಕಟ್ಟಿರೋ ಬಿದಿರಿನ ಸಂಕ, ಬೆಳ್ಳುಳ್ಳಿ ಹೊಲ, ಬಿಸಿನೀರಿನ ಬುಗ್ಗೆ. ಎರಡು ರಾತ್ರಿ ಇರಿ. ಇಷ್ಟಕ್ಕೇ ಸಾಕು ಅನ್ಸಿದ್ರೆ ಇಲ್ಲಿಂದಾನೇ ವಾಪಸ್ ಹೋಗ್ಬಹುದು, ಒಂದು ಕಡೆ ಗಾಡಿ ತಗೊಂಡು ಇನ್ನೊಂದು ಕಡೆ ಬಿಡೋ ಅಂಗಡಿಗಳೂ ಇವೆ.

ಪಾಯಿಂದ ಮುಂದೆ ಟೂರಿಸ್ಟು ಅರ್ಧಕ್ಕರ್ಧ ಕಮ್ಮಿ. ಪಾಂಗ್ ಮಾಫಾದಿಂದ ಒಳಗೆ ಒಂಬತ್ತು ಕಿಲೋಮೀಟರ್ ಹೋದ್ರೆ ಥಾಮ್ ಲೋದ್ ಗುಹೆ, ನದಿ ಗುಹೆಯೊಳಗೇ ಹರಿಯುತ್ತೆ. ಲಾಟೀನು ಹಿಡ್ಕೊಂಡ ಊರ ಹೆಂಗಸರು ಗೈಡ್ ಆಗಿ ಬರ್ತಾರೆ, ಬಿದಿರಿನ ತೆಪ್ಪದಲ್ಲಿ ಕೂರ್ಸಿ ಕರ್ಕೊಂಡು ಹೋಗ್ತಾರೆ. ಒಳಗೊಂದು ಕಡೆ ಬಹಳ ಹಳೇ ಕಾಲದ ತೇಗದ ಶವಪೆಟ್ಟಿಗೆಗಳಿವೆ. ಸಂಜೆ ತನಕ ಇದ್ರೆ ಸಾವಿರಾರು ಹಕ್ಕಿ ಗುಹೆ ಬಾಯಿಗೆ ವಾಪಸ್ ನುಗ್ಗೋದು ನೋಡ್ಬಹುದು, ಅದಕ್ಕೋಸ್ಕರ ಅಲ್ಲೇ ಹತ್ರ ಒಂದು ರಾತ್ರಿ ಉಳ್ಕೊಳಿ, ನಾನು ಉಳಿಲಿಲ್ಲ, ಹೊಟ್ಟೆ ಉರ್ಕೊಂಡೆ.

ಮೇ ಹಾಂಗ್ ಸಾನ್ ಶಾಂತವಾದ ಊರು. ಕೆರೆ, ದಡದಲ್ಲಿ ಬರ್ಮಾ ಶೈಲಿಯ ಜೋಡಿ ದೇವಸ್ಥಾನ, ಸಂಜೆ ಹೊತ್ತು ಕೆರೆ ಸುತ್ತ ಊಟದ ಗಾಡಿಗಳು. ಇಲ್ಲಿ ಜಾಸ್ತಿ ಜನ ಶಾನ್ ಸಮುದಾಯದವ್ರು, ಥಾಯ್ ಯಾಯ್ ಅಂತಾನೂ ಕರೀತಾರೆ. ಇಲ್ಲಿಂದ ಉತ್ತರಕ್ಕೆ 40 ಕಿಲೋಮೀಟರ್ ಚಿಲ್ಲರೆ ಹೋದ್ರೆ ಬಾನ್ ರಾಕ್ ಥಾಯ್, ಚೀನಾದಲ್ಲಿ ಕಮ್ಯುನಿಸ್ಟರ ಎದುರು ಸೋತು ಯುನ್ನಾನಿಂದ ಬಂದ ಕುಮಿಂಟಾಂಗ್ ಪಕ್ಷದ ಸೈನಿಕರು ನೆಲೆ ನಿಂತ ಊರು, ಮಣ್ಣಿನ ಮನೆ, ಸುತ್ತ ಟೀ ತೋಟ, ಎಲ್ಲಾ ಅಂಗಡಿಲೂ ಪುಟಾಣಿ ಬಟ್ಟಲಲ್ಲಿ ಪುಕ್ಸಟ್ಟೆ ಟೀ ಕೊಟ್ಟು ಕೂರಿಸ್ಕೊಳ್ತಾರೆ. ಕೊನೇ ಏರು ಬಹಳ ಕಡಿದು, ಇಬ್ರು ಇದ್ರೆ ನಿಧಾನ. ದಾರೀಲಿ ಸು ತೋಂಗ್ ಪೇ ಬಿದಿರಿನ ಸೇತುವೆ ಸಿಗುತ್ತೆ.

ಮೇ ಹಾಂಗ್ ಸಾನಿಂದ ದಕ್ಷಿಣಕ್ಕೆ 108ನೇ ರಸ್ತೆ. ಖುನ್ ಯುಆಮಲ್ಲಿ ಎರಡನೇ ಮಹಾಯುದ್ಧದ ಮ್ಯೂಸಿಯಂ ಇದೆ, ಬರ್ಮಾದಿಂದ ಸೋತು ವಾಪಸ್ ಬರ್ತಿದ್ದ ಜಪಾನಿ ಸೈನಿಕರು ಇದೇ ದಾರೀಲಿ ಬಂದಿದ್ದು, ಬಿಟ್ಟು ಹೋದ ಸಾಮಾನೆಲ್ಲಾ ಅಲ್ಲಿದೆ. ನವೆಂಬರಲ್ಲಿ ಹೋದ್ರೆ ಪಕ್ಕದ ದೊಯ್ ಮೇ ಉ ಖೊ ಬೆಟ್ಟ ಇಡೀ ಹಳದಿ, ಕಾಡು ಸೂರ್ಯಕಾಂತಿ. ಇಲ್ಲಿ ಒಂದು ತೀರ್ಮಾನ ಮಾಡ್ಬೇಕು. ನೇರ ಮೇ ಸರಿಯಾಂಗಿಗೆ ಹೋಗಿ ಅಲ್ಲಿಂದ ಚಿಯಾಂಗ್ ಮಾಯಿಗೆ 190 ಕಿಲೋಮೀಟರ್ ಹೊಡಿಯೋದು ಒಂದು. ಇನ್ನೊಂದು 1263ನೇ ರಸ್ತೆಲಿ ಮೇ ಚೇಮ್ ಅನ್ನೋ ಊರಿಗೆ ತಿರುಗಿ 2565 ಮೀಟರ್ ಎತ್ತರದ ದೊಯ್ ಇಂಥನಾನ್ ಹತ್ತಿ ಇಳಿಯೋದು, ಥೈಲ್ಯಾಂಡಲ್ಲೇ ಎತ್ತರದ ಬೆಟ್ಟ ಅದು. ಎರಡನೇದು ಚೆಂದ, ಆದ್ರೆ ಮೇ ಚೇಮ್ ಕಡೆ ಏರು ಕ್ಲಿಕ್ ಗಾಡಿಗೆ ಅಳು ಬರ್ಸುತ್ತೆ, ಇಂಥನಾನಿಂದ ಇಳಿಯೋವಾಗ ಮೇಲೆ ಹೇಳಿದ ಬ್ರೇಕ್ ಪಾಠ ಪೂರ್ತಿ ಬೇಕಾಗುತ್ತೆ. ನಾವು ಆ ವಾಸನೆ ನೆನಪಾಗಿ ಮೇ ಸರಿಯಾಂಗ್ ದಾರಿ ಹಿಡಿದ್ವಿ. ನದಿ ದಡದ ಸಣ್ಣ ಊರು, ಮಾಡೋಕೆ ಏನೂ ಇಲ್ಲ, ಅದೇ ಇಷ್ಟ ಆಯ್ತು.

ಪೆಟ್ರೋಲು, ಊಟ, ಇತ್ಯಾದಿ

ಕ್ಲಿಕ್ ಟ್ಯಾಂಕಿಗೆ ಐದೂವರೆ ಲೀಟರ್ ಹಿಡಿಯುತ್ತೆ. ಅರ್ಧ ಆಗ್ತಿದ್ದಂಗೆ ತುಂಬ್ಸಿ, ಊರಿಂದ ಊರಿಗೆ ಬಂಕ್ ಇಲ್ದೇ ಇರೋ ಜಾಗ ಉದ್ದ ಇದೆ. 'ತೆಮ್ ಥಾಂಗ್' ಅಂದ್ರೆ ಫುಲ್ ಟ್ಯಾಂಕ್. ಗ್ಯಾಸೊಹಾಲ್ (ಎಥನಾಲ್ ಬೆರೆಸಿದ ಪೆಟ್ರೋಲ್) 91 ಅಥವಾ 95 ಹಾಕ್ತಾರೆ, ಡೀಸೆಲ್ ಪೈಪ್ ಅಲ್ಲ ಅಂತ ಒಂದ್ಸಲ ಕಣ್ಣು ಹಾಯ್ಸಿ. ಹಳ್ಳಿ ಅಂಗಡಿಲಿ ಬಾಟ್ಲಿಲಿ ತುಂಬಿಟ್ಟಿರೋ ಪೆಟ್ರೋಲೂ ಸಿಗುತ್ತೆ, ಸ್ವಲ್ಪ ದುಬಾರಿ. ದೊಡ್ಡ ಬಂಕ್‌ಗಳಲ್ಲಿ ಟಾಯ್ಲೆಟ್ ಎಷ್ಟು ಕ್ಲೀನ್ ಇರುತ್ತೆ ಅಂದ್ರೆ, ನಮ್ಮ ಹೈವೇ ಬಂಕ್‌ಗಳ ನೆನಪಾಗಿ ಬೇಜಾರಾಗುತ್ತೆ. ಪಂಕ್ಚರ್ ಆದ್ರೆ 'ಪಾ ಯಾಂಗ್' ಅಂತ ಕೇಳ್ಕೊಂಡು ಹೋಗಿ, ಟೈರ್ ಕಡೆ ಕೈ ತೋರ್ಸಿದ್ರೂ ಆಯ್ತು. ಮ್ಯಾಪ್ ಮೊದ್ಲೇ ಡೌನ್‌ಲೋಡ್ ಮಾಡಿಟ್ಕೊಳಿ, ಬೆಟ್ಟದ ಮಧ್ಯ ಸಿಗ್ನಲ್ ಇರಲ್ಲ, ಅದು ತೋರ್ಸೋ ಶಾರ್ಟ್‌ಕಟ್ಟನ್ನ ನಂಬಿ ಮಣ್ಣಿನ ರಸ್ತೆಗೆ ಇಳೀಬೇಡಿ.

ಸಸ್ಯಾಹಾರಿಗಳಿಗೆ ಒಂದೇ ಪದ, 'ಜೇ'. ಹಳದಿ ಬಾವುಟದ ಮೇಲೆ ಕೆಂಪಲ್ಲಿ 17 ಅಂತ ಬರ್ದಂಗೆ ಕಾಣೋ ಅಕ್ಷರ ಕಂಡ್ರೆ ಅಲ್ಲಿ ಮೀನು ಮಾಂಸ ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿನೂ ಇಲ್ಲ, ನಮ್ಮ ಮಡಿ ಅಡುಗೆ ಥರಾನೇ. ಬೇರೆ ಹೋಟೆಲಲ್ಲಿ ತರಕಾರಿ ಅಂದ್ರೂ ಮೀನಿನ ಸಾಸ್ ಹಾಕ್ತಾರೆ, 'ಮಾಯ್ ಸಾಯ್ ನಾಮ್ ಪ್ಲಾ' ಅಂದ್ರೆ ಅದನ್ನ ಹಾಕ್ಬೇಡಿ ಅಂತ. ಮೇ ಹಾಂಗ್ ಸಾನಲ್ಲಿ ಶಾನ್ ತೋಫು ತಿನ್ನಿ, ಅದು ಸೋಯಾದಲ್ಲ, ಕಡ್ಲೆ ಹಿಟ್ಟಿಂದು. ಗಟ್ಟಿ ಮಾಡಿ ಕೊಯ್ದಿಟ್ಟಿದ್ದನ್ನ ಬಾಯಿಗೆ ಹಾಕ್ಕೊಂಡಾಗ ನನ್ನ ಜೊತೆಗಿದ್ದ ಹುಬ್ಬಳ್ಳಿಯವ, "ಏ, ಇದು ಜುಣಕದ ವಡಿನಲೇ" ಅಂದ.

ಬಿದ್ರೆ, ಆಂಬುಲೆನ್ಸಿಗೆ 1669, ಟೂರಿಸ್ಟ್ ಪೊಲೀಸಿಗೆ 1155, ಅವರು ಇಂಗ್ಲಿಷಲ್ಲಿ ಮಾತಾಡ್ತಾರೆ. ಸಣ್ಣ ಗಾಯ ಆದ್ರೂ ತೊಳೆದು ಡ್ರೆಸಿಂಗ್ ಮಾಡ್ಸಿ ರಸೀತಿ ಇಟ್ಕೊಳಿ. ಬೇರೆ ಗಾಡಿಗೆ ತಾಗಿದ್ರೆ ರಸ್ತೇಲಿ ಕೂಗಾಡ್ಬೇಡಿ, ಅಲ್ಲಿ ದನಿ ಎತ್ತಿದವ್ರೇ ತಪ್ಪಿತಸ್ಥರ ಥರ ಕಾಣ್ತಾರೆ. ಎರಡು ಬಿಯರ್ ಕುಡ್ದು ಓಡ್ಸೋದಂತೂ ಬೇಡ, ಪರ್ಮಿಟ್ಟೂ ಇನ್ಶೂರೆನ್ಸೂ ಎರಡೂ ಅಲ್ಲಿಗೇ ಮುಗೀತು.

ಕೊನೇ ದಿನ 108 ಚಿಯಾಂಗ್ ಮಾಯ್ ಹತ್ರ ಬರ್ತಿದ್ದಂಗೆ ಅಗಲ ಆಗುತ್ತೆ, ಐದು ದಿನ ಬೆಟ್ಟದಲ್ಲಿ ಒಬ್ರೇ ಓಡ್ಸಿ ಬಂದೋರಿಗೆ ಆ ಟ್ರಾಫಿಕ್ ತಲೆ ಕೆಡ್ಸುತ್ತೆ, ಸಂಜೆ ಐದರ ಒಳಗೆ ಊರು ಹೊಕ್ಕುಬಿಡಿ. ಗಾಡಿ ತಗೊಂಡಾಗ ಎಷ್ಟು ಪೆಟ್ರೋಲ್ ಇತ್ತೋ ಅಷ್ಟು ಹಾಕಿ, ಮಣ್ಣಾಗಿದ್ರೆ ರಸ್ತೆ ಬದಿ ವಾಟರ್ ವಾಶ್ ಮಾಡ್ಸಿ, ಕತ್ತಲಾಗೋಕೆ ಮುಂಚೆ ವಾಪಸ್ ಕೊಡಿ, ಟ್ಯೂಬ್‌ಲೈಟ್ ಬೆಳಕಲ್ಲಿ ಎಲ್ಲಾ ಗೀರೂ ಹೊಸದಾಗೇ ಕಾಣುತ್ತೆ. ಡೆಪಾಸಿಟ್ ಎಣಿಸ್ಕೊಂಡು ಜೇಬಿಗೆ ಹಾಕ್ಕೊಳೋ ತನಕ ಕೀ ಕೈಲೇ ಇರ್ಲಿ.